ಡಿಬಿ2 ನಿಲ್ಲಿಸದೆ ಬ್ಯಾಕಪ್: ನನ್ನ ಅನುಭವ

ಬ್ಯಾಕಪ್‌ಗೆಂದು ಭಾನುವಾರ ಡೇಟಾಬೇಸ್‌ಗೆ ಕೊಡುತ್ತಿದ್ದ ನಾಲ್ಕು ಗಂಟೆಗಳ ನಿಲುಗಡೆಯನ್ನು ತೆಗೆದುಹಾಕುತ್ತೇನೆ ಎಂದು ನಾನು ಹೇಳಿದಾಗ ನಮ್ಮ ತಂಡದ ಹಿರಿಯರೊಬ್ಬರು, “ಹರಿಯುವ ನೀರನ್ನು ಸೇರಿನಲ್ಲಿ ಅಳೆಯಲು ಹೊರಟಿದ್ದೀರಲ್ಲ” ಎಂದಿದ್ದರು. ಬೆಂಗಳೂರಿನಲ್ಲಿ ಕುಳಿತು ನಾವು ನೋಡಿಕೊಳ್ಳುತ್ತಿದ್ದದ್ದು ಅಮೆರಿಕದ ಪೂರ್ವ ಕರಾವಳಿಯ ಒಂದು ವಿಮಾ ಕಂಪನಿಯ ಡಿಬಿ2, ಅಂದರೆ ಐಬಿಎಂನ ಡೇಟಾಬೇಸ್. ಝಡ್/ಓಎಸ್ ಎಂಬ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಂ ಮೇಲೆ ಸುಮಾರು 2,300 ಟೇಬಲ್‌ಸ್ಪೇಸ್‌ಗಳು (ಟೇಬಲ್‌ಗಳ ಡೇಟಾ ಇರುವ ಜಾಗಗಳು), ಎಲ್ಲ ಸೇರಿ ಆರೇಳು ಟೆರಾಬೈಟ್. ಪ್ರತಿ ಭಾನುವಾರ ಎಲ್ಲವನ್ನೂ ನಿಲ್ಲಿಸಿ, ಪೂರ್ಣ ಇಮೇಜ್ ಕಾಪಿ (ಡೇಟಾದ ಸಂಪೂರ್ಣ ಪ್ರತಿ) ತೆಗೆದು, ಮತ್ತೆ ಎಬ್ಬಿಸುವುದು ವರ್ಷಗಳಿಂದ ನಡೆದು ಬಂದ ಪದ್ಧತಿ. ಓಡುತ್ತಿರುವಾಗ ತೆಗೆದ ಪ್ರತಿಯಲ್ಲಿ ಅರ್ಧಂಬರ್ಧ ಬದಲಾವಣೆಗಳು ಸೇರಿರುತ್ತವೆ, ಅದನ್ನು ನಂಬುವುದು ಹೇಗೆ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಶೇರ್‌ಲೆವೆಲ್ ಚೇಂಜ್ (ಬರವಣಿಗೆ ನಡೆಯುತ್ತಿರುವಾಗಲೇ ಪ್ರತಿ ತೆಗೆಯುವ ಆಯ್ಕೆ) ಹಾಕಿ ಕಾಪಿ ತೆಗೆದು, ಕೊನೆಗೊಂದು ಕ್ವೈಯೆಸ್ (ಬರವಣಿಗೆಯನ್ನು ಕ್ಷಣಕಾಲ ತಡೆದು, ಬದಲಾವಣೆಗಳ ದಾಖಲೆಯಾದ ಲಾಗ್‌ನಲ್ಲಿ ಬಿಂದು ಗುರುತಿಸುವ ಸಾಧನ) ಹಾಕಿ ಸ್ಥಿರ ಬಿಂದುವನ್ನು ಪಡೆಯುವುದು ನನ್ನ ಮೊದಲ ಯೋಜನೆಯಾಗಿತ್ತು. ಕ್ವೈಯೆಸ್ ಒಂದು ರಾತ್ರಿಯೂ ಗೆಲ್ಲಲಿಲ್ಲ. ಒಂದು ಬ್ಯಾಚ್ ಪ್ರೋಗ್ರಾಂ ಎರಡು ಗಂಟೆಯಾದರೂ ಕಮಿಟ್ ಮಾಡದೆ (ಬದಲಾವಣೆಗಳನ್ನು ಖಾಯಂ ಮಾಡದೆ) ಲಾಕ್ ಹಿಡಿದು ಕೂರುತ್ತಿತ್ತು. ಅದನ್ನು ತಿದ್ದಿಕೊಡಿ ಎಂದು ಆರು ತಿಂಗಳು ಕೇಳಿದೆ, ಸಿಗಲಿಲ್ಲ. ಕೊನೆಗೆ ದಾರಿ ತೋರಿಸಿದ್ದು 2007ರಲ್ಲಿ ಬಂದ ಡಿಬಿ2ನ 9ನೇ ಆವೃತ್ತಿ. ಪ್ರತಿ ಮತ್ತು ಲಾಗ್‌ನಿಂದ ಡೇಟಾವನ್ನು ಹಿಂದಿನ ಒಂದು ಬಿಂದುವಿಗೆ ರಿಕವರ್ ಮಾಡುವಾಗ, ಆ ಕ್ಷಣಕ್ಕೆ ಕಮಿಟ್ ಆಗದೆ ಉಳಿದ ಕೆಲಸವನ್ನು ಅದು ತಾನೇ ಹಿಂದೆಗೆಯುತ್ತದೆ, ಹಾಗಾಗಿ ಆ ಕ್ವೈಯೆಸ್ ಬೇಕಿಲ್ಲ. ನಾವು ಆ ಆವೃತ್ತಿಗೆ ಬಂದು ಎಷ್ಟೋ ಕಾಲವಾಗಿತ್ತು, ಹಳೆಯ ಅಭ್ಯಾಸ ಮಾತ್ರ ಹಾಗೆಯೇ ಉಳಿದಿತ್ತು.

ಮುಂದಿನ ಪೆಟ್ಟು ಜಿಡಿಜಿಯಿಂದ, ಅಂದರೆ ಮಿತಿ ದಾಟಿದರೆ ಅತಿ ಹಳೆಯದನ್ನು ಹೊರಹಾಕುವ ಫೈಲ್‌ಗಳ ಸರಣಿಯಿಂದ, ಬಿತ್ತು. ಒಂದು ಗುರುವಾರ ಪರೀಕ್ಷೆಗೆಂದು ಟೇಬಲ್‌ಸ್ಪೇಸ್ ಒಂದನ್ನು ರಿಕವರ್ ಮಾಡಲು ಹೋದರೆ ಪೂರ್ಣ ಪ್ರತಿಯೇ ಇಲ್ಲ. ಪ್ರತಿಗಳ ಲೆಕ್ಕವಿಡುವ ಸಿಸ್‌ಕಾಪಿ ಟೇಬಲ್‌ನಲ್ಲಿ ಭಾನುವಾರದ ಸಾಲು ಇದೆ. ಐಸಿಟೈಪ್ ‘ಎಫ್’ (ಪೂರ್ಣ ಪ್ರತಿ), ಡೇಟಾಸೆಟ್ (ಫೈಲ್) ಹೆಸರು, ಸಮಯ ಎಲ್ಲವೂ ಸರಿಯಾಗಿವೆ. ಝಡ್/ಓಎಸ್‌ನ ಫೈಲ್ ಪಟ್ಟಿಯಾದ ಕ್ಯಾಟಲಾಗ್‌ನಲ್ಲಿ ಹುಡುಕಿದರೆ ಆ ಡೇಟಾಸೆಟ್ ಮಾಯ. ಜಿಡಿಜಿ ಮಿತಿ 7 ಇತ್ತು. ದಿನಕ್ಕೆರಡು ಇನ್‌ಕ್ರಿಮೆಂಟಲ್ (ಬದಲಾದ ಪುಟಗಳಷ್ಟೇ ಇರುವ) ಪ್ರತಿಗಳನ್ನು ಅದೇ ಜಿಡಿಜಿಗೆ ಬರೆಸುತ್ತಿದ್ದವನು ನಾನೇ. ಗುರುವಾರ ಬೆಳಿಗ್ಗೆ ಎಂಟನೆಯದು ಒಳಗೆ ಬಂದು ಪೂರ್ಣ ಪ್ರತಿಯನ್ನು ಹೊರಗೆ ತಳ್ಳಿತ್ತು. ಅಂದಿನಿಂದ ಜಿಡಿಜಿ ಬಿಟ್ಟು ಟೆಂಪ್ಲೇಟ್‌ನಲ್ಲಿ (ಫೈಲ್ ಹೆಸರಿನ ಮಾದರಿಯಲ್ಲಿ) ದಿನಾಂಕ, ಸಮಯದ ಹೆಸರುಗಳನ್ನೇ ಬಳಸುತ್ತಿದ್ದೇನೆ. ಹಳೆಯದನ್ನು ಅಳಿಸುವ ಕೆಲಸ ಸಿಸ್‌ಕಾಪಿಯಿಂದ ಹಳೆಯ ಸಾಲು ತೆಗೆಯುವ ಮಾಡಿಫೈ ರಿಕವರಿ ಮುಗಿದ ಮೇಲೆ ಮಾತ್ರ.

ಟೇಪ್ ಉಳಿಸಲು ಹಲವು ಪ್ರತಿಗಳನ್ನು ಒಂದೇ ಟೇಪಿನಲ್ಲಿ ಸ್ಟ್ಯಾಕ್ ಮಾಡಿದ್ದೂ ತಿರುಗಿ ಬಡಿಯಿತು. ಬ್ಯಾಕಪ್ ಬೇಗ ಮುಗಿಯಿತು ಎಂದು ಹಿಗ್ಗಿದೆ. ಆದರೆ ಒಂದೇ ಟೇಪಿನಲ್ಲಿರುವ ಹದಿನೈದು ಟೇಬಲ್‌ಸ್ಪೇಸ್‌ಗಳನ್ನು ಒಂದೇ ಕಾಲಕ್ಕೆ ರಿಕವರ್ ಮಾಡಲಾಗದು. ಒಂದರ ಹಿಂದೆ ಒಂದು ಸಾಲುಗಟ್ಟಿ ನಿಲ್ಲುತ್ತವೆ. ಈಗ ಒಂದೇ ಟೇಪಿಗೆ ಯಾವುವು ಹೋಗಬಾರದು ಎಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದನ್ನು ಇಲ್ಲಿ ಬಿಡಿಸುವುದಿಲ್ಲ.

ಈಗಿನ ವ್ಯವಸ್ಥೆ ಹೀಗಿದೆ. ಸುಮಾರು 600 ಸಾಲಿನ, ರೆಕ್ಸ್ ಎಂಬ ಭಾಷೆಯ ಒಂದು ಪ್ರೋಗ್ರಾಂ ದಿನಕ್ಕೆ ಮೂರು ಸಲ, ಟೇಬಲ್‌ಸ್ಪೇಸ್‌ಗಳ ಅಂಕಿಅಂಶವಿರುವ ಸಿಸ್‌ಟೇಬಲ್‌ಸ್ಪೇಸ್‌ಸ್ಟ್ಯಾಟ್ಸ್ ಓದುತ್ತದೆ. ಕಳೆದ ಕಾಪಿಯ ನಂತರ ಎಷ್ಟು ಪುಟಗಳು ಬದಲಾಗಿವೆ ಎಂದು ನೋಡಿ, ಪೂರ್ಣ ಪ್ರತಿಯೋ ಇನ್‌ಕ್ರಿಮೆಂಟಲ್ಲೋ ಏನೂ ಬೇಡವೋ ಎಂದು ನಿರ್ಧರಿಸಿ ಲಿಸ್ಟ್‌ಡೆಫ್ (ಟೇಬಲ್‌ಸ್ಪೇಸ್‌ಗಳ ಪಟ್ಟಿ) ಬರೆದು ಜಾಬ್ ಸಲ್ಲಿಸುತ್ತದೆ. ಕೇಳಲು ಸುಲಭವಾಗಿದೆ. ಎರಡು ಕಡೆ ಎಡವಿದೆ. ಎಂದೂ ಕಾಪಿ ಆಗದ ಹೊಸ ಟೇಬಲ್‌ಸ್ಪೇಸ್‌ಗೆ ಕಾಪಿಲಾಸ್ಟ್‌ಟೈಮ್ (ಕೊನೆಯ ಕಾಪಿಯ ಸಮಯ) ನಲ್, ಅಂದರೆ ಮೌಲ್ಯವಿಲ್ಲದ್ದು, ಆಗಿರುತ್ತದೆ, ಹಾಗಾಗಿ ನನ್ನ ಎಸ್‌ಕ್ಯೂಎಲ್‌ನ ಹೋಲಿಕೆಗೆ ಅದು ಸಿಗುವುದೇ ಇಲ್ಲ. ನಲವತ್ತರಷ್ಟು ಟೇಬಲ್‌ಸ್ಪೇಸ್‌ಗಳು ತಿಂಗಳುಗಟ್ಟಲೆ ಪ್ರತಿಯಿಲ್ಲದೆ ಉಳಿದಿದ್ದವು. ಇನ್ನೊಂದು, ಬದಲಾವಣೆ ಕಡಿಮೆ ಎಂದು ಬಿಟ್ಟವುಗಳ ಪಾಡು. ಇರುವ ಕಾಪಿ 20 ದಿನ ಹಳೆಯದು, ಆರ್ಕೈವ್ ಲಾಗ್ (ಬದಲಾವಣೆಗಳ ಹಳೆಯ ದಾಖಲೆ) ಇರುವುದು 14 ದಿನ. ನಡುವಿನ ಆ ನಾಲ್ಕೇ ಬದಲಾವಣೆಗಳು ಬೇಕಾದರೆ ಎಲ್ಲಿಂದ ತರುವುದು? ಈಗ ಶೇಕಡಾ ಎಷ್ಟೇ ಇರಲಿ, 9 ದಿನ ದಾಟಿದರೆ ಪೂರ್ಣ ಪ್ರತಿ.

ಹಣದ ಮಾತಿಗೆ ಬಂದರೆ, ಈ ಕೆಲಸಕ್ಕೆ ಸಿದ್ಧ ಸಾಧನ ಕೊಡುತ್ತೇವೆಂದು ಬಂದವರು ಹೇಳಿದ ವಾರ್ಷಿಕ ಬೆಲೆ ನಮ್ಮಲ್ಲಿನ ಇಬ್ಬರು ಹಿರಿಯ ಎಂಜಿನಿಯರುಗಳ ಸಂಬಳಕ್ಕಿಂತ ಹೆಚ್ಚಿತ್ತು. ನಾನು ಆರು ವಾರಗಳಲ್ಲಿ ಬರೆದೆ. ದೊಡ್ಡ ಉಳಿತಾಯ ಬಂದದ್ದು ಇನ್ನೊಂದು ಕಡೆಯಿಂದ. ನಮ್ಮ ಐಬಿಎಂ ಸಾಫ್ಟ್‌ವೇರ್‌ನ ತಿಂಗಳ ಬಿಲ್ ಆ ತಿಂಗಳ ಅತಿ ಹೆಚ್ಚಿನ ನಾಲ್ಕು ಗಂಟೆಗಳ ಸರಾಸರಿ ಬಳಕೆಯ ಮೇಲೆ ನಿಂತಿತ್ತು. ತಿಂಗಳ ಕೊನೆಯ ಭಾನುವಾರ ಬ್ಯಾಚ್ ಮತ್ತು ಕಾಪಿ ಒಟ್ಟಿಗೆ ಬಿದ್ದು ಆ ಶಿಖರವನ್ನು ನಾವೇ ಕಟ್ಟುತ್ತಿದ್ದೆವು. ಕೆಲಸವನ್ನು ದಿನವಿಡೀ ಹಂಚಿದ ಮೇಲೆ ಶಿಖರ ನಲವತ್ತು ಎಂಎಸ್‌ಯು (ಮೇನ್‌ಫ್ರೇಮ್ ಬಳಕೆಯ ಅಳತೆ) ಆಸುಪಾಸು ಇಳಿಯಿತು. ಆ ಬಿಲ್ ನೋಡಿದ ಮೇಲೆ ನನ್ನನ್ನು ಯಾರೂ ತಡೆಯಲಿಲ್ಲ.

ಡಿಸ್ಕ್ ವ್ಯವಸ್ಥೆಯೇ ಪ್ರತಿ ತೆಗೆಯುವ, 10ನೇ ಆವೃತ್ತಿಯ ಫ್ಲ್ಯಾಶ್‌ಕಾಪಿಯನ್ನೂ ಮೂರು ದೊಡ್ಡ ಟೇಬಲ್‌ಸ್ಪೇಸ್‌ಗಳ ಮೇಲೆ ಪ್ರಯತ್ನಿಸಿದೆ. ಕೆಲವೇ ಸೆಕೆಂಡುಗಳಲ್ಲಿ ಪ್ರತಿ ಸಿದ್ಧವಾಗುತ್ತದೆ, ನೋಡಲು ಖುಷಿ. ಆದರೆ ಅಷ್ಟೇ ಗಾತ್ರದ ಡಿಸ್ಕ್ ಬೇಕು. ಪಾಲಿಸಿ ಮತ್ತು ಕ್ಲೇಮ್ ಟೇಬಲ್‌ಸ್ಪೇಸ್‌ಗಳಿಗಷ್ಟೇ ಉಳಿಸಿಕೊಂಡೆ. ದೊಡ್ಡ ಇಂಡೆಕ್ಸ್‌ಗಳಿಗೆ (ಹುಡುಕಾಟದ ಸೂಚಿಗಳಿಗೆ) ಕಾಪಿ ಯೆಸ್ (ಪ್ರತಿ ತೆಗೆಯಲು ಅನುಮತಿ) ಹಾಕಿ, ಮರುಕಟ್ಟುವುದು ಲೇಸೋ ರಿಕವರ್ ಮಾಡುವುದು ಲೇಸೋ ಎಂದೂ ಅಳೆದೆ. ಹೆಚ್ಚಿನವುಗಳಿಗೆ ಮರುಕಟ್ಟುವುದೇ ಸಾಕು.

ಒಂದು ಉಪಾಯವನ್ನಂತೂ ಹೇಳಿಬಿಡುತ್ತೇನೆ. ಯಾರೂ ಮುಟ್ಟದ, ಖಾಲಿ ಟೇಬಲ್‌ಸ್ಪೇಸ್ ಒಂದನ್ನು ಇಟ್ಟುಕೊಂಡು ಅರ್ಧ ಗಂಟೆಗೊಮ್ಮೆ ಅದಕ್ಕೆ ಮಾತ್ರ ಕ್ವೈಯೆಸ್ ಹಾಕುತ್ತೇನೆ. ಅಲ್ಲಿ ಲಾಕ್ ಹಿಡಿಯುವವರಿಲ್ಲ, ಆದ್ದರಿಂದ ಸೋಲುವುದಿಲ್ಲ. ಸಮಯ ಮತ್ತು ಲಾಗ್ ಬಿಂದು ಜೋಡಿಯಾಗಿ ಸಿಸ್‌ಕಾಪಿಯಲ್ಲಿ ಕುಳಿತಿರುತ್ತವೆ, ಹಿಂದಿರುಗಬೇಕಾದ ಸಮಯದ ಹತ್ತಿರದ ಬಿಂದು ಅಲ್ಲೇ ಸಿಗುತ್ತದೆ.

ಅದು ಕೆಲಸಕ್ಕೆ ಬಂದದ್ದು ಒಂದು ಮಂಗಳವಾರ. ಪ್ರೀಮಿಯಂ ಕಂತುಗಳ ಬ್ಯಾಚ್ ಎರಡು ಸಲ ಓಡಿ, ಮೂರು ಟೇಬಲ್‌ಸ್ಪೇಸ್‌ಗಳಲ್ಲಿ ಕಂತುಗಳು ಇಮ್ಮಡಿಯಾಗಿದ್ದವು. ಅಮೆರಿಕದಲ್ಲಿ ಮಧ್ಯಾಹ್ನ, ನಮಗೆ ರಾತ್ರಿ ಒಂದು ಗಂಟೆ ದಾಟಿತ್ತು. ಎರಡನೆಯ ಓಟಕ್ಕೆ ಹನ್ನೆರಡು ನಿಮಿಷ ಮುಂಚಿನ ಬಿಂದು ನನ್ನ ಪಟ್ಟಿಯಲ್ಲಿತ್ತು. ಆ ಹನ್ನೆರಡು ನಿಮಿಷಗಳಲ್ಲಿ ಈ ಮೂರಕ್ಕೂ ಬೇರೆ ಬರವಣಿಗೆ ಇರಲಿಲ್ಲ ಎಂದು ಲಾಗ್ ನೋಡಿ ಖಚಿತಪಡಿಸಿಕೊಂಡು, ಮೂರನ್ನೂ ಒಟ್ಟಿಗೆ ಆ ಬಿಂದುವಿಗೆ ರಿಕವರ್ ಮಾಡಿದೆ. ನಲವತ್ತು ನಿಮಿಷ ಅದಕ್ಕೆ, ಇಂಡೆಕ್ಸ್‌ಗಳಿಗೆ ಇನ್ನೊಂದು ಇಪ್ಪತ್ತೈದು. ಉಳಿದ ಟೇಬಲ್‌ಸ್ಪೇಸ್‌ಗಳಲ್ಲಿ ಕೆಲಸ ನಡೆದೇ ಇತ್ತು. ಕಂತುಗಳ ಮೊತ್ತ ಮೊದಲ ಓಟದ ವರದಿಯೊಂದಿಗೆ ಪೈಸೆಗೆ ಪೈಸೆ ತಾಳೆಯಾಯಿತು.

ಮುಂದಿನ ವಾರ ಭಾನುವಾರದ ನಿಲುಗಡೆಯ ಜಾಬ್‌ಗಳನ್ನು ಶೆಡ್ಯೂಲರ್‌ನಿಂದ ತೆಗೆದೆವು. ನೀರು ಅಳೆಯುವ ಮಾತಾಡಿದ್ದ ಆ ಹಿರಿಯರೇ ನನ್ನ ಪಕ್ಕದಲ್ಲಿ ಕುಳಿತು ಒಂದೊಂದನ್ನೇ ಅಳಿಸಿದರು. ಒಟ್ಟು ಮೂವತ್ತೊಂದು ಇದ್ದವು.