ತೋಟ ಸುತ್ತುವಾಗ ಕಣ್ಣು ಎಲ್ಲಿರುತ್ತದೆ?

ತೀರ್ಥಹಳ್ಳಿ, ಹೊಸನಗರದ ಕಡೆಯ ಅಡಿಕೆ ಬೆಳೆಗಾರ ಮಿತ್ರರಿಗೆ ಒಂದು ಸಲಹೆ. ಮಳೆಗಾಲದಲ್ಲಿ ನಮ್ಮ ಕಣ್ಣೆಲ್ಲ ಗೊನೆಯ ಮೇಲೆ. ಕೊಳೆರೋಗ ತಗುಲಿತೇ, ಕಾಯಿ ಉದುರಿತೇ ಎಂಬ ಒಂದೇ ಚಿಂತೆ. ಆ ಹೊತ್ತಿನಲ್ಲಿ ಕೆಳಗಿನ ಸೋಗೆಯಲ್ಲಿ, ಅಂದರೆ ಮರದ ಗರಿಯಲ್ಲಿ, ಹಳದಿ ಅಂಚಿನ ಕಂದು ಚುಕ್ಕಿ ಮೂಡಿದ್ದರೂ ಗಮನಕ್ಕೆ ಬರುವುದಿಲ್ಲ. ಎಲೆಚುಕ್ಕಿ ರೋಗ ಕಾಣಿಸಿಕೊಳ್ಳುವುದೇ ಹಾಗೆ.

ಇದು ಅಸಡ್ಡೆಯಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಶ್ವಾಸಕೋಶದ ಸ್ಕ್ಯಾನ್‌ಗಳಲ್ಲಿ ಗಂಟು ಹುಡುಕುತ್ತಿದ್ದ 24 ರೇಡಿಯಾಲಜಿ ತಜ್ಞರ ಪೈಕಿ 20 ಮಂದಿಗೆ ಅದೇ ಚಿತ್ರದಲ್ಲಿ ಸೇರಿಸಿದ್ದ ಗೊರಿಲ್ಲಾ ಕಾಣಲೇ ಇಲ್ಲ. ಗಂಟಿಗಿಂತ ಅದು ಎಷ್ಟೋ ಪಟ್ಟು ದೊಡ್ಡದಿತ್ತು!

ಆದ್ದರಿಂದ ಗೊನೆಗೊಂದು ಸುತ್ತು, ಸೋಗೆಗೆಂದೇ ಇನ್ನೊಂದು ಸುತ್ತು ಹಾಕಿ. ಎರಡನ್ನೂ ಒಂದೇ ಓಡಾಟದಲ್ಲಿ ಮುಗಿಸಬೇಡಿ. ಸಾಧ್ಯವಾದರೆ ಬೇರೆ ಆಸಕ್ತಿಯವರನ್ನು ಜೊತೆಗೆ ಕರೆದುಕೊಳ್ಳಿ. ಕಾಳುಮೆಣಸಿನ ಮೇಲೆ ಜೀವ ಇಟ್ಟುಕೊಂಡವರು ಬಳ್ಳಿಯ ಬುಡ ಕೆದಕಿ ನೋಡುತ್ತಾರೆ, ಹಕ್ಕಿಯ ಹುಚ್ಚಿರುವ ಮಕ್ಕಳು ತಲೆಯೆತ್ತಿಯೇ ನಡೆಯುತ್ತಾರೆ. ಅವರು ಬೆರಳು ಮಾಡಿ ತೋರಿಸಿದ್ದನ್ನು ಅಲ್ಲಗಳೆಯದೆ ಹತ್ತಿರ ಹೋಗಿ ನೋಡಿ. ಚುಕ್ಕಿ ಕಂಡರೆ ಆ ಸೋಗೆಯನ್ನು ಕಡಿದು, ತೋಟದಿಂದ ಹೊರಗೆ ಒಯ್ದು ಸುಟ್ಟುಬಿಡಿ.