ಉಗುಳಿ, ಮುಕ್ಕಳಿಸಬೇಡಿ: ಇಂಗ್ಲೆಂಡಿನಲ್ಲಿ ಹಲ್ಲು ಮತ್ತು ಫ್ಲೋರೈಡ್

ಪಾವಗಡ, ಮುಂಡರಗಿ, ಕೋಲಾರದ ಕಡೆಯವರಿಗೆ ಫ್ಲೋರೈಡ್ ಎಂದರೆ ಕೊಳವೆಬಾವಿ ನೀರು, ಕಂದುಗಟ್ಟಿದ ಹಲ್ಲು, ಸೆಟೆದ ಕೀಲು. ಇಂಗ್ಲೆಂಡಿನ ಹಲ್ಲಿನ ಡಾಕ್ಟರು ಅದನ್ನೇ ‘ಮಗುವಿಗೆ ಹಚ್ಚೋಣ’ ಎಂದಾಗ ಗಾಬರಿಯಾಗುವುದು ಸಹಜ. ಆದರೆ ಅಲ್ಲಿ ತೊಂದರೆ ಆಗಿದ್ದು ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದಿದ್ದರಿಂದ. ಇಲ್ಲಿ ಮಾಡುವುದು ಹಲ್ಲಿನ ಮೇಲ್ಮೈಗೆ ತಾಗಿಸುವುದು. ಸಿಹಿ ತಿಂದಾಗ ಬ್ಯಾಕ್ಟೀರಿಯಾ ಹುಟ್ಟಿಸುವ ಆಮ್ಲ ಹಲ್ಲಿನ ಹೊರಪದರವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಜೊಲ್ಲು ಅದನ್ನು ಮರಳಿ ತುಂಬುತ್ತದೆ. ಆ ಹೊತ್ತಿಗೆ ಬಾಯಲ್ಲಿ ಫ್ಲೋರೈಡ್ ಇದ್ದರೆ ತುಂಬಿಕೊಂಡ ಪದರ ಮೊದಲಿಗಿಂತ ಗಟ್ಟಿ.

ನಲ್ಲಿ ನೀರನ್ನು ನೆಚ್ಚಿಕೊಳ್ಳಬೇಡಿ. ಬರ್ಮಿಂಗ್‌ಹ್ಯಾಮ್‌ನಲ್ಲಿ 1964ರಿಂದ ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಬೆರೆಸುತ್ತಾರೆ. ಲಂಡನ್, ಮ್ಯಾಂಚೆಸ್ಟರ್‌ಗಳಲ್ಲಿ ಬೆರೆಸುವುದಿಲ್ಲ. ಇಡೀ ಇಂಗ್ಲೆಂಡಿನಲ್ಲಿ ಇಂಥ ನೀರು ಸಿಗುವುದು ಹತ್ತರಲ್ಲಿ ಒಬ್ಬರಿಗೆ. ನಿಮ್ಮ ಪಿನ್‌ಕೋಡ್, ಅಂದರೆ ಇಲ್ಲಿನ ಪೋಸ್ಟ್‌ಕೋಡ್, ಹಾಕಿ ನೀರಿನ ಕಂಪನಿಯ ವೆಬ್‌ಸೈಟಿನಲ್ಲಿ ನೋಡಿದರೆ ತಿಳಿಯುತ್ತದೆ.

ಹಾಗಾಗಿ ಬಹುಪಾಲು ಮನೆಗಳಲ್ಲಿ ಎಲ್ಲ ಭಾರ ಪೇಸ್ಟಿನ ಮೇಲೆ. ಟ್ಯೂಬಿನ ಹಿಂಬದಿಯಲ್ಲಿ ‘ಪಿಪಿಎಂ’ ಎಂಬ ಅಂಕಿ ಹುಡುಕಿ, ಹತ್ತು ಲಕ್ಷ ಭಾಗ ಪೇಸ್ಟಿನಲ್ಲಿ ಫ್ಲೋರೈಡ್ ಎಷ್ಟು ಭಾಗ ಎಂಬ ಲೆಕ್ಕ ಅದು. ಏಳು ವರ್ಷ ದಾಟಿದವರಿಗೆಲ್ಲ 1350ರಿಂದ 1500 ಇರಬೇಕು. ನಮ್ಮವರು ಎಡವುವುದು ಇಲ್ಲೇ: ಭಾರತದಲ್ಲಿ ಪೇಸ್ಟಿಗೆ ಕಾನೂನಿನ ಮಿತಿ 1000 ಪಿಪಿಎಂ, ಹಲವು ಗಿಡಮೂಲಿಕೆ ಪೇಸ್ಟುಗಳಲ್ಲಿ ಫ್ಲೋರೈಡೇ ಇಲ್ಲ. ಊರಿಂದ ಸೂಟ್‌ಕೇಸಿನಲ್ಲಿ ತಂದ ಆರು ಟ್ಯೂಬು ಮುಗಿಯುವವರೆಗೆ ಮನೆಯವರ ಹಲ್ಲಿಗೆ ಸಿಗಬೇಕಾದಷ್ಟು ಸಿಗುವುದಿಲ್ಲ.

ಮೊದಲ ಹಲ್ಲು ಮೂಡಿದ ದಿನದಿಂದಲೇ ಉಜ್ಜಬೇಕು. ಮೂರು ವರ್ಷದೊಳಗಿನ ಮಗುವಿಗೆ ಬ್ರಷ್ಷಿನ ಮೇಲೆ ಸವರಿದಂತೆ, ಅಕ್ಕಿ ಕಾಳಿನಷ್ಟು ಸಾಕು. ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು. ಈ ವಯಸ್ಸಿನವರ ಪೇಸ್ಟಿನಲ್ಲಿ ಕನಿಷ್ಠ 1000 ಪಿಪಿಎಂ ಇರಲಿ. ಮಕ್ಕಳದ್ದೆಂದು ಚಿತ್ರ ಹಾಕಿ ಮಾರುವ ಕೆಲವು ಟ್ಯೂಬುಗಳಲ್ಲಿ ಅಷ್ಟೂ ಇರುವುದಿಲ್ಲ. ಮಕ್ಕಳು ಪೇಸ್ಟು ನೆಕ್ಕದಂತೆ, ನುಂಗದಂತೆ ಏಳು ವರ್ಷದವರೆಗೆ ದೊಡ್ಡವರು ಪಕ್ಕದಲ್ಲಿ ನಿಲ್ಲಬೇಕು. ಹಲ್ಲು ಒಳಗೆ ರೂಪುಗೊಳ್ಳುವ ಆ ವಯಸ್ಸಿನಲ್ಲಿ ದಿನವೂ ನುಂಗಿದರೆ ಮುಂದೆ ಬರುವ ಹಲ್ಲಿನ ಮೇಲೆ ಬಿಳಿ ಮಚ್ಚೆ ಬೀಳಬಹುದು.

ಇನ್ನು ಬಹಳ ಜನರಿಗೆ ಒಗ್ಗದ ಮಾತು. ಉಜ್ಜಿದ ಮೇಲೆ ಬೊಗಸೆ ನೀರು ತುಂಬಿಕೊಂಡು ಗಳಗಳ ಮುಕ್ಕಳಿಸದಿದ್ದರೆ ನಮಗೆ ಬಾಯಿ ತೊಳೆದಂತೆಯೇ ಅನ್ನಿಸುವುದಿಲ್ಲ. ಆ ಬೊಗಸೆ ನೀರಿನಲ್ಲಿ ಎರಡು ನಿಮಿಷದ ಕೆಲಸ ಸಿಂಕಿನ ಪಾಲಾಗುತ್ತದೆ. ನೊರೆ ಉಗುಳಿ, ತುಟಿ ಒರೆಸಿಕೊಂಡು ಸುಮ್ಮನಾಗಿ. ಮೊದಲ ವಾರ ಬಾಯೆಲ್ಲ ಪುದೀನ ಪುದೀನ ಅನ್ನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ. ಮೌತ್‌ವಾಶ್‌ ಕೂಡ ಉಜ್ಜಿದ ಬೆನ್ನಿಗೇ ಬೇಡ, ಏಕೆಂದರೆ ಅದರ ಫ್ಲೋರೈಡ್ ಪೇಸ್ಟಿನದಕ್ಕಿಂತ ಕಡಿಮೆ. ಬೇಕಿದ್ದರೆ ಮಧ್ಯಾಹ್ನ ಊಟದ ನಂತರ ಬಳಸಿ. ದಿನಕ್ಕೆರಡು ಸಲ ಉಜ್ಜುವುದರಲ್ಲಿ ಒಂದು ರಾತ್ರಿ ಮಲಗುವ ಮುಂಚೆಯೇ ಆಗಬೇಕು. ಆಮೇಲೆ ಸಕ್ಕರೆ ಹಾಕಿದ ಹಾಲು ಕುಡಿಸಿದರೆ ಉಜ್ಜಿದ್ದು ವ್ಯರ್ಥ.

ಹಲ್ಲಿನ ಡಾಕ್ಟರು ಹಚ್ಚುವುದು ಫ್ಲೋರೈಡ್ ವಾರ್ನಿಶ್ ಎಂಬ ಲೇಪ. ಅಂಕಿ ಕೇಳಿದರೆ ಹೆದರಿಕೆಯಾದೀತು, 22,600 ಪಿಪಿಎಂ. ಆದರೆ ಬಳಸುವುದು ಹನಿಯಷ್ಟು, ಅದೂ ಹಲ್ಲಿಗೆ ಅಂಟಿಕೊಳ್ಳುವಂಥದ್ದು. ಮೂರು ವರ್ಷ ತುಂಬಿದ ಎಲ್ಲ ಮಕ್ಕಳಿಗೆ ವರ್ಷಕ್ಕೆ ಎರಡು ಸಲ ಇದನ್ನು ಹಚ್ಚಬೇಕೆಂಬುದು ಇಲ್ಲಿನ ಶಿಫಾರಸು. ಅಂದು ಗಟ್ಟಿ ತಿಂಡಿ ಬಿಟ್ಟು ಮೊಸರನ್ನದಂಥದ್ದು ಕೊಡಿ. ಮಗು ಆಸ್ತಮಾ ಉಲ್ಬಣಿಸಿ ಆಸ್ಪತ್ರೆ ಸೇರಿದ್ದರೆ, ಅಥವಾ ಸ್ಟಿಕಿಂಗ್ ಪ್ಲಾಸ್ಟರ್ ಹಚ್ಚಿದರೆ ಚರ್ಮ ಕೆರಳುವುದಿದ್ದರೆ, ಮೊದಲೇ ಹೇಳಿ. ಕೆಲವು ವಾರ್ನಿಶ್‌ಗಳಲ್ಲಿರುವ ಕೊಲೊಫನಿ ಎಂಬ ಮರದ ಅಂಟು ಅಂಥವರಿಗೆ ಆಗುವುದಿಲ್ಲ. ಪದೇ ಪದೇ ಹುಳುಕಾಗುವ ದೊಡ್ಡವರಿಗೆ 2800 ಅಥವಾ 5000 ಪಿಪಿಎಂ ಪೇಸ್ಟು ಉಂಟು. ಅದು ಡಾಕ್ಟರ ಚೀಟಿ ಇಲ್ಲದೆ ಸಿಗದು, 5000ದ್ದು 16 ವರ್ಷದೊಳಗಿನವರಿಗೆ ಸಲ್ಲದು.

ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೇವೆ, ಹಲ್ಲೂ ಅದರಲ್ಲೇ ಬರುತ್ತದೆ ಎಂದುಕೊಂಡವರು ಬಹಳ. ಬರುವುದಿಲ್ಲ. ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ, ದಂತ ಚಿಕಿತ್ಸೆ ಉಚಿತವಾಗಿ ಸಿಗುವುದು 18ರೊಳಗಿನವರಿಗೆ, ಗರ್ಭಿಣಿಯರಿಗೆ, ಹೆರಿಗೆಯಾಗಿ 12 ತಿಂಗಳವರೆಗೆ ತಾಯಂದಿರಿಗೆ ಮತ್ತು ಇನ್ನು ಕೆಲವರಿಗೆ. ಉಳಿದವರಿಗೆ ತಪಾಸಣೆ, ಬೇಕಿದ್ದರೆ ವಾರ್ನಿಶ್, ಎರಡೂ ಸೇರಿ ಬ್ಯಾಂಡ್ 1 ಎಂಬ ಮೊದಲ ದರ್ಜೆಯ ಶುಲ್ಕ. 2025ರ ಏಪ್ರಿಲ್‌ನಲ್ಲಿ ನಿಗದಿಯಾದದ್ದು 27.40 ಪೌಂಡ್. ಜಿಪಿ ಎನ್ನುವ ಕುಟುಂಬ ವೈದ್ಯರಂತೆ ನಿಮ್ಮ ಬೀದಿಯ ಕ್ಲಿನಿಕ್ಕೇ ಆಗಬೇಕೆಂದಿಲ್ಲ. ಎನ್‌ಎಚ್‌ಎಸ್ ವೆಬ್‌ಸೈಟಿನ ಪಟ್ಟಿ ಹಳೆಯದಾಗಿರಬಹುದು, ಆದ್ದರಿಂದ ಫೋನ್ ಮಾಡಿ ಕೇಳಿ. ದೊಡ್ಡವರಿಗೆ ಜಾಗವಿಲ್ಲ ಎಂದರೆ ಮಕ್ಕಳನ್ನಾದರೂ ಸೇರಿಸಿಕೊಳ್ಳುತ್ತೀರಾ ಎಂದು ಇನ್ನೊಮ್ಮೆ ಕೇಳಿಯೇ ಫೋನ್ ಇಡಿ.