ರಿಯಲ್ ಟೈಮ್ ಸಿಸ್ಟಮ್‌ನಲ್ಲಿ ಪಿಎಚ್.ಡಿ.: ಹಣ ಹುಡುಕುವುದು ಹೇಗೆ?

ಕಾರು ಗುದ್ದಿ ಅರ್ಧ ಸೆಕೆಂಡ್ ಆದ ಮೇಲೆ ಉಬ್ಬುವ ಏರ್‌ಬ್ಯಾಗ್ ಇದ್ದರೆಷ್ಟು, ಬಿಟ್ಟರೆಷ್ಟು? ಹೀಗೆ ಯಂತ್ರದೊಳಗೇ ಕೂತು (ಎಂಬೆಡೆಡ್), ಗೊತ್ತಾದ ಸಮಯದೊಳಗೆ ಕೆಲಸ ಮುಗಿಸಲೇಬೇಕಾದ ಕಂಪ್ಯೂಟರ್ ರಿಯಲ್ ಟೈಮ್ ಸಿಸ್ಟಮ್. ಅದಕ್ಕೆ ವೇಗಕ್ಕಿಂತ, ಸಮಯಕ್ಕೆ ಮುಗಿಯುತ್ತದೆ ಎಂಬ ಖಾತರಿ ಮುಖ್ಯ. ಕಾರು, ವಿಮಾನ ತಯಾರಿಸುವವರಿಗೆ ಆ ಖಾತರಿ ಬೇಕು. ಹಾಗಾಗಿ ಇಲ್ಲಿ ಸಂಶೋಧನೆಗೆ ಹಣ ಹಾಕುವವರಿದ್ದಾರೆ.

ಮೊದಲು ಪ್ರಶ್ನೆ ಆರಿಸಿಕೊಳ್ಳಿ. ಒಂದೇ ಪ್ರೊಸೆಸರ್ ಇದ್ದ ಕಾಲದಲ್ಲಿ, 1973ರಲ್ಲೇ, ಲಿಯು ಮತ್ತು ಲೇಲ್ಯಾಂಡ್ ಎಂಬ ಸಂಶೋಧಕರು ಒಂದು ಲೆಕ್ಕ ಕೊಟ್ಟರು. ಮತ್ತೆ ಮತ್ತೆ ಬರುವ ಕೆಲಸಗಳಲ್ಲಿ ಬೇಗ ಬೇಗ ಬರುವುದಕ್ಕೆ ಮೊದಲ ಆದ್ಯತೆ ಕೊಡಿ. ಒಟ್ಟು ಹೊರೆ (ಪ್ರೊಸೆಸರ್ ಕೆಲಸದಲ್ಲಿ ತೊಡಗಿರುವ ಸಮಯದ ಪಾಲು) ಸುಮಾರು ಶೇ 69 ದಾಟದಿದ್ದರೆ ಯಾವ ಡೆಡ್‌ಲೈನೂ ತಪ್ಪುವುದಿಲ್ಲ. ಒಂದೇ ಚಿಪ್‌ನಲ್ಲಿ ಹಲವು ಪ್ರೊಸೆಸರ್ (ಕೋರ್) ಇರುವ ಈಗಿನ ಮಲ್ಟಿಕೋರ್‌ನಲ್ಲಿ ಇಷ್ಟು ಸಲೀಸಿಲ್ಲ. ಕ್ಯಾಶ್ (ಪ್ರೊಸೆಸರ್ ಪಕ್ಕದ ಚಿಕ್ಕ, ವೇಗದ ಮೆಮೊರಿ), ಮುಖ್ಯ ಮೆಮೊರಿ ಎಲ್ಲ ಕೋರ್‌ಗಳ ನಡುವೆ ಹಂಚಿಕೆಯಲ್ಲಿರುತ್ತವೆ. ಪಕ್ಕದ ಕೋರ್ ಗದ್ದಲ ಮಾಡಿದರೆ ನಿಮ್ಮ ಕೆಲಸ ತಡವಾಗುತ್ತದೆ. ಎಷ್ಟು ತಡ ಎಂದು ಮೊದಲೇ ಹೇಳುವುದು ಇನ್ನೂ ಕಷ್ಟವೇ.

ಹಣ ಮೂರು ದಾರಿಯಲ್ಲಿ ಬರುತ್ತದೆ: ನಿಮ್ಮ ಹೆಸರಿಗೇ ಸಿಗುವ ಫೆಲೋಶಿಪ್, ಪ್ರೊಫೆಸರ್ ಕೈಯಲ್ಲಿರುವ ಪ್ರಾಜೆಕ್ಟ್ ಹಣ, ಕಂಪನಿಯ ಪ್ರಾಯೋಜನೆ. ಕಂಪನಿಯದಾದರೆ, ಪೇಪರ್ ಪ್ರಕಟಿಸಲು ಬಿಡುತ್ತಾರಾ ಎಂದು ಸಹಿ ಹಾಕುವ ಮುಂಚೆಯೇ ಕೇಳಿ. ಯುರೋಪಿಯನ್ ಒಕ್ಕೂಟ ಹಣ ಕೊಡುವ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ ಎಂಬ ಪಿಎಚ್.ಡಿ. ಯೋಜನೆಯಲ್ಲಿ ಸಿಗುವುದು ಸಂಬಳದ ಕೆಲಸ. ಯುರಾಕ್ಸೆಸ್ ಎಂಬ ಜಾಲತಾಣದಲ್ಲಿ ಹುದ್ದೆಗಳು ಕಾಣುತ್ತವೆ. ಒಂದು ಷರತ್ತು ಗಮನಿಸಿ: ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ನೆಲೆಸಿರಬಾರದು.

ಯಾರನ್ನು ಕೇಳಬೇಕು? ರಿಯಲ್ ಟೈಮ್ ಕ್ಷೇತ್ರದ ಆರ್‌ಟಿಎಸ್‌ಎಸ್, ಆರ್‌ಟಿಎಎಸ್, ಇಸಿಆರ್‌ಟಿಎಸ್ ಸಮ್ಮೇಳನಗಳ ಹೊಸ ಪೇಪರ್‌ಗಳನ್ನು ತೆರೆಯಿರಿ, ಕೃತಜ್ಞತೆಯ ಸಾಲುಗಳನ್ನು ಓದಿ. ಯಾರೂ ಓದದ ಆ ಜಾಗದಲ್ಲೇ ಹಣ ಕೊಟ್ಟವರ ಹೆಸರು, ಎಷ್ಟೋ ಸಲ ಪ್ರಾಜೆಕ್ಟ್ ನಂಬರೂ ಇರುತ್ತದೆ. ನಂಬರ್ ಹಿಡಿದು ಹುಡುಕಿದರೆ ಪ್ರಾಜೆಕ್ಟ್ ಯಾವಾಗ ಮುಗಿಯುತ್ತದೆ ಎಂದು ಸಾಮಾನ್ಯವಾಗಿ ತಿಳಿಯುತ್ತದೆ. ಮುಗಿಯುತ್ತ ಬಂದಿದ್ದರೆ ಅಲ್ಲಿ ಹಣವೂ ಮುಗಿದಿರುತ್ತದೆ, ಅಲ್ವಾ?

ಇನ್ನು ಇಮೇಲ್. "ನಿಮ್ಮ ಕೆಲಸ ತುಂಬಾ ಇಷ್ಟ" ಎಂದು ಸುಮ್ನೆ ಬರೆದರೆ ಉತ್ತರ ಬರುವುದು ಅನುಮಾನ. ಅದರ ಬದಲು ಚಿಕ್ಕದೊಂದು ಅಳತೆ ಮಾಡಿ. ಲಿನಕ್ಸ್ ಓಡುವ ಅಗ್ಗದ ಬೋರ್ಡ್‌ನಲ್ಲಿ ಸೈಕ್ಲಿಕ್‌ಟೆಸ್ಟ್ ಎಂಬ ಪ್ರೋಗ್ರಾಂ ಓಡಿಸಿ. ಏಳಬೇಕಾದ ಹೊತ್ತಿಗೂ ನಿಜಕ್ಕೂ ಎದ್ದ ಹೊತ್ತಿಗೂ ಇರುವ ಅಂತರವನ್ನು ಅದು ಅಳೆಯುತ್ತದೆ. ಆ ಅಂತರದ, ಅಂದರೆ ವಿಳಂಬದ, ಕನಿಷ್ಠ, ಸರಾಸರಿ, ಗರಿಷ್ಠವನ್ನು ಮೈಕ್ರೊಸೆಕೆಂಡ್‌ನಲ್ಲಿ ತೋರಿಸುತ್ತದೆ. ಸರಾಸರಿಯನ್ನು ಮರೆತುಬಿಡಿ, ಗರಿಷ್ಠದ ಮೇಲೆ ಕಣ್ಣಿಡಿ. ಈಗ ಉಳಿದ ಕೋರ್‌ಗಳಲ್ಲಿ ಮೆಮೊರಿಯನ್ನು ಜೋರಾಗಿ ಬಳಸುವ ಪ್ರೋಗ್ರಾಂ ಹಾಕಿ, ಮತ್ತೆ ನೋಡಿ. ಎರಡು ಗ್ರಾಫ್, ನಾಲ್ಕು ಸಾಲು ವಿವರಣೆ, ಅಷ್ಟೇ ಸಾಕು. "ನಾನು ಅಳೆದ ಗರಿಷ್ಠವೇ ನಿಜವಾದ ಗರಿಷ್ಠ ಎಂದು ಹೇಳಲಾಗದು" ಎಂಬ ಸಾಲನ್ನು ಮಾತ್ರ ಬಿಡಬೇಡಿ. ಈ ಕ್ಷೇತ್ರದವರು ಮೊದಲು ಹುಡುಕುವುದೇ ಅದನ್ನು.

ಆಫರ್ ಬಂದ ಮೇಲೆ ಒಂದು ಪ್ರಶ್ನೆ ಕೇಳಿ: ಪ್ರಾಜೆಕ್ಟ್ ಮೂರು ವರ್ಷಕ್ಕೆ ಮುಗಿದು ಥೀಸಿಸ್ ಮುಗಿಯದಿದ್ದರೆ ಸಂಬಳ ಯಾರು ಕೊಡುತ್ತಾರೆ? ಉತ್ತರವನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ.